ತುಮಕೂರಿನ ಎರಡು ದಿನದ ಹಳೇ ಹವಾಮಾನ ಕಾರ್ಯಾಗಾರ: ಪಾಠಕ್ಕೆ ನಾಲ್ಕೂವರೆ ಸ್ಟಾರ್, ಪ್ರೊಜೆಕ್ಟರಿಗೆ ಒಂದು

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಕೇಳೋದು ಅದನ್ನೇ. ಭೂಮಿಯ ಹಳೇ ಕಾಲದ ಹವಾಮಾನದ ಬಗ್ಗೆ ಹೇಳಿಕೊಡುವ ಈ ಕಾರ್ಯಾಗಾರಕ್ಕೆ ಶನಿವಾರ, ಭಾನುವಾರ ಸೇರಿ 900 ರೂಪಾಯಿ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಎರಡು ಹೊತ್ತು ಕಾಫಿ, ಜೊತೆಗೆ ಸ್ಪೈರಲ್ ಬೈಂಡಿಂಗ್ ಮಾಡಿದ ಒಂದು ತೆಳು ಪುಸ್ತಕ. ವಿದ್ಯಾರ್ಥಿಗಳಿಗೆ ಅರ್ಧ ದುಡ್ಡು. ಬೆಂಗಳೂರಿಗೆ ಹೋಗಿ ಇಂಥದ್ದೊಂದು ಪಾಠ ಕೇಳಿ ಬರೋದಕ್ಕೆ ಬಸ್ಸು, ಆಟೋ, ಊಟ ಅಂತ ಎಷ್ಟು ಕರಗುತ್ತಿತ್ತು ಲೆಕ್ಕ ಹಾಕಿ. ನನಗಂತೂ ಇದು ಜಾಸ್ತಿ ಅನ್ನಿಸಲಿಲ್ಲ.

ನಡೆಸಿದವರ ಹೆಸರು ಹಾಕುತ್ತಿಲ್ಲ. ಅದು ಸಂಸ್ಥೆಯೂ ಅಲ್ಲ, ಬೋರ್ಡೂ ಇಲ್ಲ. ವಿಜ್ಞಾನದಲ್ಲಿ ಆಸಕ್ತಿ ಇರುವ ನಾಲ್ಕೈದು ಜನ ಸೇರಿ, ಟೌನ್ ಹಾಲ್ ಸರ್ಕಲ್‌ಗೆ ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ ಮಳಿಗೆಯ ಮೇಲಿನ ಟ್ಯೂಷನ್ ಹಾಲನ್ನು ವಾರದ ಕೊನೆಗೆ ಬಾಡಿಗೆಗೆ ಹಿಡಿಯುತ್ತಾರೆ. ನಾನು ಕೆಳಗೆ ಒಂದಷ್ಟು ಬೈದಿದ್ದೇನೆ, ಸುಮ್ನೆ ಯಾರಿಗೂ ಬೇಜಾರಾಗೋದು ಬೇಡ. ಬೇಕಾದವರಿಗೆ ಹೇಗಿದ್ದರೂ ವಾಟ್ಸಾಪ್ ಗುಂಪುಗಳಲ್ಲಿ ಪೋಸ್ಟರ್ ಸಿಗುತ್ತದೆ.

ನಾನು ಗುಬ್ಬಿ ತಾಲೂಕಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಅಕ್ಕನ ಮಗ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. "ಬಾ ಚಿಕ್ಕಮ್ಮ, ಕನ್ನಡದಲ್ಲಿ ಹೇಳ್ತಾರಂತೆ" ಅಂತ ಅವನೇ ಎಳೆದುಕೊಂಡು ಹೋದ. ಪೋಸ್ಟರಿನಲ್ಲಿ ಇದ್ದದ್ದು ಇಷ್ಟು: ಭೂಮಿ ಹಿಂದೆ ಬೆಚ್ಚಗಿದ್ದ ಕಾಲಗಳ ಆಕ್ಸಿಜನ್ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ದಾಖಲೆ, ಅದನ್ನು ಓದೋಕೆ ಹವಾಮಾನ ಮಾದರಿಗಳು (ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಟ್ಟಿದ ಹವಾಮಾನ). ಇದನ್ನು ನೋಡಿ ಹತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಹಾಲ್ ತುಂಬಿತ್ತು. ಡಿಗ್ರಿ ಹುಡುಗ ಹುಡುಗಿಯರು, ಕೃಷಿ ಇಲಾಖೆಯಿಂದ ನಿವೃತ್ತರಾದ ಒಬ್ಬರು, ತಿಪಟೂರಿನ ಕೊಬ್ಬರಿ ವ್ಯಾಪಾರಿ ಒಬ್ಬರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ನೋಡುವ ಶಿರಾ ಕಡೆಯ ಒಬ್ಬರೂ ಇದ್ದರು! ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪಾಠ ಮಾಡಿದವರು ಹವಾಮಾನ ಮಾದರಿಗಳ ಮೇಲೆ ಬಹಳ ವರ್ಷ ಕೆಲಸ ಮಾಡಿ ಈಗ ಊರಿಗೆ ವಾಪಸ್ ಬಂದಿರುವ ಮೇಷ್ಟ್ರು. ಮಾತು ನಿಧಾನ. ಬೋರ್ಡಿನ ಮೇಲೆ ಬರೆದೇ ಹೇಳುತ್ತಾರೆ. ಶನಿವಾರ ಬೆಳಗ್ಗೆ ಬುಡದಿಂದ ಶುರು ಮಾಡಿದರು. ಸಾವಿರ ಆಕ್ಸಿಜನ್ ಪರಮಾಣುಗಳಲ್ಲಿ ಎರಡು ಮಾತ್ರ 18ರ ತೂಕದವು, ಮಿಕ್ಕವು ಹೆಚ್ಚುಕಮ್ಮಿ ಎಲ್ಲ 16. 18ರ ಆಕ್ಸಿಜನ್ ಇರುವ ಭಾರದ ನೀರು ಆವಿಯಾಗಲು ಸ್ವಲ್ಪ ಹಿಂದೇಟು ಹಾಕುತ್ತದೆ, ಮಳೆಯಾಗಿ ಇಳಿಯಲು ಮುಂದೆ ಬರುತ್ತದೆ. ಹಾಗಾಗಿ ಮೋಡ ಸಮುದ್ರದಿಂದ ದೂರ ಹೋದಷ್ಟೂ, ಸುರಿಸಿದಷ್ಟೂ ಉಳಿದ ಆವಿ ಹಗುರ. ಸಾಮಾನು ಜಾಸ್ತಿ ಇರುವವರು ಮೊದಲ ಸ್ಟಾಪಿನಲ್ಲೇ ಇಳಿದುಬಿಟ್ಟ ಬಸ್ಸಿನ ಹಾಗೆ. ಸಮುದ್ರದ ನೀರಿಗೆ ಸೊನ್ನೆ ಅಂತ ಇಟ್ಟು, ಅದಕ್ಕಿಂತ ಸಾವಿರಕ್ಕೆ ಎಷ್ಟು ಕಡಿಮೆ, ಎಷ್ಟು ಜಾಸ್ತಿ ಅಂತ ಹೇಳುವ ಅಂಕಿಗೆ ಡೆಲ್ಟಾ-18 ಅನ್ನುತ್ತಾರೆ. ಮುಂದೆ ನಾನು ಬರೀ ಅಂಕಿ ಅಂದರೆ ಇದೇ. ಮಳೆಯಲ್ಲಿ ಸಾಮಾನ್ಯವಾಗಿ ಅದು ಮೈನಸ್.

ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ, ಕ್ಯಾಲ್ಕುಲೇಟರ್ ಹಿಡಿಸಿದರು. ಸಮುದ್ರದ ಮೇಲಿನ ಆವಿ −11 ಇದೆ, ಹವೆ 25 ಡಿಗ್ರಿ. ಮೊದಲ ಮಳೆ ಎಷ್ಟಿರುತ್ತದೆ? ಸುಮಾರು −1.7. ಅರ್ಧ ಆವಿ ಸುರಿದು ಹೋದ ಮೇಲೆ ಬೀಳುವ ಮಳೆ? −8.2. ಮುಕ್ಕಾಲು ಸುರಿದ ಮೇಲೆ? −14.6. ನಮ್ಮ ಬೆಂಚಿನವರೆಲ್ಲ ಫೋನ್ ಕ್ಯಾಲ್ಕುಲೇಟರಿನಲ್ಲಿ ಘಾತ ಎಲ್ಲಿದೆ ಅಂತ ಹುಡುಕಿದ್ದೇ ಹುಡುಕಿದ್ದು. ಫೋನನ್ನು ಅಡ್ಡ ಹಿಡಿದರೆ ಬರುತ್ತದೆ ಅಂತ ಪಕ್ಕದ ಹುಡುಗಿ ತೋರಿಸಿಕೊಟ್ಟಳು. ಒಮ್ಮೆ ಕೈಯಾರೆ ಮಾಡಿದ ಮೇಲೆ ಅಂಕಿಗಳ ಹೆದರಿಕೆ ಹೋಯಿತು. ಈ ಒಂದು ಲೆಕ್ಕವನ್ನು ನಾನು ಒಂಬತ್ತನೇ ಕ್ಲಾಸಿಗೂ ಸ್ವಲ್ಪ ಸುಲಭ ಮಾಡಿ ಕೊಡಬಲ್ಲೆ.

ಆಮೇಲೆ ಡೆನ್ಮಾರ್ಕಿನ ವಿಲಿ ಡಾನ್ಸ್‌ಗಾರ್ಡ್ ಕಥೆ. 1952ರ ಜೂನ್‌ನಲ್ಲಿ ಕೋಪನ್‌ಹೇಗನ್‌ನ ತನ್ನ ಮನೆ ಹುಲ್ಲುಹಾಸಿನ ಮೇಲೆ ಬಿಯರ್ ಬಾಟಲಿಗೆ ಲಾಳಿಕೆ ಸಿಕ್ಕಿಸಿ ಮಳೆನೀರು ಹಿಡಿದು, ಅದರ ಐಸೋಟೋಪ್ ಅಳೆದವರು. 1964ರಲ್ಲಿ ಅವರು ಪ್ರಕಟಿಸಿದ ಸಂಬಂಧ ಇಂದಿಗೂ ಎಲ್ಲ ಪುಸ್ತಕಗಳಲ್ಲಿದೆ: ಗ್ರೀನ್‌ಲ್ಯಾಂಡಿನಂಥ ಚಳಿ ಜಾಗಗಳಲ್ಲಿ ವರ್ಷದ ಸರಾಸರಿ ಉಷ್ಣತೆ ಒಂದು ಡಿಗ್ರಿ ಏರಿದರೆ ಹಿಮದ ಅಂಕಿ ಸುಮಾರು 0.7 ಏರುತ್ತದೆ (ಗ್ರೀನ್‌ಲ್ಯಾಂಡಿಗೆ ಅಂತಲೇ ಆಮೇಲೆ ಲೆಕ್ಕ ಹಾಕಿದಾಗ ಬಂದದ್ದು 0.67). ಅಂದರೆ ಆಳಕ್ಕೆ ಕೊರೆದು ಮಂಜುಗಡ್ಡೆಯ ಕೊಳವೆ (ಐಸ್ ಕೋರ್, ಕಾಲಕಾಲದ ಹಿಮ ಪದರ ಪದರವಾಗಿ ಕೂತ ಉದ್ದನೆ ಕಂಬ) ತೆಗೆದು, ಅಂಕಿ ಅಳೆದು, 0.67ರಿಂದ ಭಾಗಿಸಿದರೆ ಹಳೇ ಉಷ್ಣತೆ ಕೈಗೆ ಬಂತು. ನಾನು ಬಿ.ಎಸ್ಸಿ.ಯಲ್ಲಿ ಓದಿದ್ದೂ ಇಷ್ಟೇ. ಪಾಠ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಕಾಫಿ ಆದ ಮೇಲೆ ಮೇಷ್ಟ್ರು ಅದನ್ನೇ ಮುರಿಯಲು ಕೂತರು. ಇಡೀ ಎರಡು ದಿನದಲ್ಲಿ ದುಡ್ಡು ವಸೂಲಾಗಿದ್ದು ಈ ಒಂದೂವರೆ ಗಂಟೆಯಲ್ಲಿ. ಗ್ರೀನ್‌ಲ್ಯಾಂಡಿನ ಮಂಜು ಕೊರೆದ ರಂಧ್ರದೊಳಗೆ ಥರ್ಮಾಮೀಟರ್ ಇಳಿಸಿದರೆ ಹಳೆಯ ಚಳಿಯ ಗುರುತು ಇನ್ನೂ ಆಳದಲ್ಲಿ ಉಳಿದಿರುತ್ತದೆ. 1998ರಲ್ಲಿ ಹಾಗೆ ಲೆಕ್ಕ ಹಾಕಿದಾಗ ಹಿಮಯುಗದ ತುತ್ತತುದಿಯಲ್ಲಿ ಅಲ್ಲಿ ಇವತ್ತಿಗಿಂತ 23 ಡಿಗ್ರಿ ಚಳಿ ಇತ್ತು ಅಂತ ಬಂತು. 0.67ರ ಲೆಕ್ಕ ಹೇಳಿದ್ದು ಅದರ ಹೆಚ್ಚುಕಮ್ಮಿ ಅರ್ಧ! ಒಂದೇ ಮಂಜು, ಎರಡು ಉತ್ತರ. ಯಾವುದು ಸರಿ?

ಉತ್ತರ ಹೇಳುವ ಮೊದಲು ನಮ್ಮ ಊರಿನ ಲೆಕ್ಕ ಕೊಟ್ಟರು. ಅಂಕಿಗಳು ಅಭ್ಯಾಸಕ್ಕಾಗಿ ಮಾಡಿಕೊಂಡವು, ನಿಜವಾದ ಅಳತೆ ಅಲ್ಲ ಅಂತ ಮೊದಲೇ ಹೇಳಿದರು. ತುಮಕೂರಿನಲ್ಲಿ ಜೂನ್-ಜುಲೈ ಮಳೆಗೆ −2, ಅಕ್ಟೋಬರ್ ಮಳೆಗೆ −8 ಅಂತ ಇಟ್ಟುಕೊಳ್ಳಿ. ಒಂದು ವರ್ಷ ಎರಡೂ ಸಮ, 200 ಮಿ.ಮೀ. 200 ಮಿ.ಮೀ. ಸರಾಸರಿ −5. ಇನ್ನೊಂದು ವರ್ಷ ಮುಂಗಾರು ಕೈಕೊಟ್ಟು 100, ಹಿಂಗಾರು ಜೋರಾಗಿ 300. ಸರಾಸರಿ −6.5. ಉಷ್ಣತೆ ಒಂದು ಚೂರೂ ಬದಲಾಗಿಲ್ಲ, ಒಂದೊಂದು ಕಾಲದ ಮಳೆಯ ಅಂಕಿಯೂ ಬದಲಾಗಿಲ್ಲ. ಆದರೂ ವರ್ಷದ ಅಂಕಿ ಒಂದೂವರೆ ಇಳಿಯಿತು. ಅದನ್ನು ಯಾರಾದರೂ ಥರ್ಮಾಮೀಟರ್ ಅಂತ ಓದಿದರೆ?

ಈಗ ಇದನ್ನೇ ಗ್ರೀನ್‌ಲ್ಯಾಂಡಿಗೆ ಒಯ್ಯಿರಿ ಅಂದರು. ಚಳಿಗಾಲದ ಹಿಮ −45, ಬೇಸಿಗೆಯದು −25. ಸಮ ಸಮ ಬಿದ್ದರೆ ಸರಾಸರಿ −35. ಚಳಿಗಾಲದ ಹಿಮ ಮೂರನೇ ಒಂದಕ್ಕೆ ಇಳಿದರೆ ಸರಾಸರಿ −30. ಅಷ್ಟಕ್ಕೇ 0.67ರ ಲೆಕ್ಕದಲ್ಲಿ ಏಳೂವರೆ ಡಿಗ್ರಿ ಸೆಕೆ ಹುಟ್ಟಿಕೊಂಡಿತು, ಎಲ್ಲಿಂದಲೂ ಬಾರದ ಸೆಕೆ. ಹಿಮಯುಗದಲ್ಲಿ ಆಗಿದ್ದು ಹೆಚ್ಚುಕಮ್ಮಿ ಇದೇ. ವಿಪರೀತ ಚಳಿಯ ತಿಂಗಳುಗಳಲ್ಲಿ ಹಿಮ ಬೀಳುತ್ತಿದ್ದದ್ದೇ ತೀರಾ ಕಡಿಮೆ. ಬಿದ್ದದ್ದು ಬಹುಪಾಲು ಬೇಸಿಗೆಯದು. ಮಂಜುಗಡ್ಡೆ ಬರೆದಿಟ್ಟದ್ದು ಬೇಸಿಗೆಯ ಡೈರಿ, ನಾವು ಅದನ್ನು ವರ್ಷದ ಡೈರಿ ಅಂದುಕೊಂಡು ಓದಿದ್ದೆವು. ಇದನ್ನು 2000ದಲ್ಲಿ ತೋರಿಸಿಕೊಟ್ಟದ್ದು ಒಂದು ಹವಾಮಾನ ಮಾದರಿ. ಮಂಜಿನ ಒಳಗೆ ಆ ಸುಳಿವು ಇರಲಿಲ್ಲ.

ಮಾದರಿ ಇದನ್ನು ಹೇಗೆ ಮಾಡುತ್ತದೆ? ಇಲ್ಲಿ ಪುಸ್ತಕಕ್ಕಿಂತ ಮೇಷ್ಟ್ರ ಮಾತೇ ಚೆನ್ನಾಗಿತ್ತು. ಹವಾಮಾನ ಮಾದರಿ ಭೂಮಿಯನ್ನು ಚೌಕ ಚೌಕ ಮಾಡಿ ಗಾಳಿ, ಆವಿ, ಮೋಡ, ಮಳೆ ಎಲ್ಲದರ ಲೆಕ್ಕ ಹಾಕುತ್ತಾ ಹೋಗುತ್ತದೆ. ಐಸೋಟೋಪ್ ಇರುವ ಮಾದರಿಯಲ್ಲಿ ನೀರಿನ ಪ್ರತಿ ಲೆಕ್ಕದ ಪಕ್ಕದಲ್ಲೂ ಭಾರದ ನೀರಿಗೆ ಇನ್ನೊಂದು ಕಲಂ. ಆವಿಯಾದಾಗ, ಹನಿಯಾದಾಗ, ಮಂಜಾದಾಗ ಎರಡೂ ಕಲಮಿಗೆ ಬೇರೆ ಬೇರೆ ಪಾಲು. ಫ್ರಾನ್ಸಿನಲ್ಲಿ 1984ರಲ್ಲಿ ಇಂಥ ಮೊದಲ ಮಾದರಿ ಬಂತು. ಈಗ ಬ್ರಿಟನ್, ಜರ್ಮನಿ, ಅಮೆರಿಕ ಎಲ್ಲ ಕಡೆ ಇವೆ. ಇದರಿಂದ ಅನುಕೂಲ ಏನು ಅಂದರೆ ಅಂಕಿಯಿಂದ ಉಷ್ಣತೆಯನ್ನು ಊಹಿಸುತ್ತಾ ಕೂರಬೇಕಿಲ್ಲ. ಒಂದು ಹವಾಮಾನವನ್ನು ಕಟ್ಟಿ, ಅದು ಯಾವ ಅಂಕಿಯನ್ನು ಸುರಿಸುತ್ತದೆ ನೋಡಿ, ಮಂಜಿನ ಅಂಕಿಯ ಪಕ್ಕ ಇಟ್ಟು ಹೋಲಿಸಬಹುದು. ಹೊಂದದಿದ್ದರೆ ಸಮುದ್ರದ ಮಂಜು ಕಡಿಮೆ ಮಾಡಿ ನೋಡು, ಇನ್ನೊಂದು ಕಡೆಯಿಂದ ಆವಿ ತಂದು ನೋಡು.

ಮಧ್ಯಾಹ್ನ ಅದನ್ನೇ ನಮ್ಮ ಕಾಲಕ್ಕೆ ಹತ್ತಿರದ ಬೆಚ್ಚನೆ ಅವಧಿಗೆ ಹಚ್ಚಿದರು. ಸುಮಾರು 1,29,000ದಿಂದ 1,16,000 ವರ್ಷಗಳ ಹಿಂದೆ, ಹಿಂದಿನ ಎರಡು ಹಿಮಯುಗಗಳ ನಡುವೆ. ಸಮುದ್ರ ಇವತ್ತಿಗಿಂತ 6ರಿಂದ 9 ಮೀಟರ್ ಮೇಲಿತ್ತು. ಗ್ರೀನ್‌ಲ್ಯಾಂಡಿನ ನೀಮ್ ಎಂಬ ಜಾಗದ ಮಂಜು ಕೊಳವೆಯಿಂದ 2013ರಲ್ಲಿ ಬಂದ ಉತ್ತರ: ಕಳೆದ ಸಾವಿರ ವರ್ಷದ ಸರಾಸರಿಗೆ ಹೋಲಿಸಿದರೆ 8 ಡಿಗ್ರಿ ಸೆಕೆ, ನಾಲ್ಕು ಡಿಗ್ರಿ ಆಚೆ ಈಚೆ. ಎಂಟು ಡಿಗ್ರಿ! ಆದರೆ ಅಲ್ಲಿನ ಹಿಮದ ಹಾಸು ಅಷ್ಟು ಸೆಕೆಗೆ ಕರಗಬೇಕಾದಷ್ಟು ಕರಗಿಯೇ ಇರಲಿಲ್ಲ. ಮಾದರಿಗಳೋ, ಭೂಮಿಯ ಕಕ್ಷೆ ಬದಲಾದದ್ದನ್ನು ಮಾತ್ರ ಕೊಟ್ಟರೆ ಅಷ್ಟು ಸೆಕೆಯನ್ನೂ ತೋರಿಸಲಿಲ್ಲ, ಮಂಜಿನ ಅಂಕಿಯ ಏರಿಕೆಯನ್ನೂ ತೋರಿಸಲಿಲ್ಲ.

ಅದೇ ವರ್ಷ ಇನ್ನೊಂದು ತಂಡ ಐಸೋಟೋಪ್ ಇರುವ ಎರಡು ಮಾದರಿಗಳನ್ನು ಹಿಡಿದು ನೋಡಿತು. ಗ್ರೀನ್‌ಲ್ಯಾಂಡಿನ ಉತ್ತರಾರ್ಧದ ಸುತ್ತ ಚಳಿಗಾಲದ ಸಮುದ್ರ ಮಂಜು ಕಡಿಮೆಯಾಗಿ ನೀರು ಬೆಚ್ಚಗಾದರೆ, ಹಿಮಕ್ಕೆ ಆವಿ ಪಕ್ಕದ ಸಮುದ್ರದಿಂದಲೇ ಬರುತ್ತದೆ. ದೂರದಿಂದ ಸುರಿಸಿಕೊಂಡು ಬಂದ ಆವಿ ಹಗುರ, ಪಕ್ಕದ್ದು ಭಾರ. ಅಷ್ಟರಿಂದಲೇ ಅಂಕಿ ಸಾವಿರಕ್ಕೆ ಮೂರಕ್ಕಿಂತ ಜಾಸ್ತಿ ಏರಬಹುದು. ಮಂಜಿನಲ್ಲಿ ಕಂಡ ಏರಿಕೆಯೂ ಕಡಿಮೆ ಅಂದರೆ ಅಷ್ಟೇ. ಆ ಸಮುದ್ರ ಎಷ್ಟು ಬೆಚ್ಚಗಾಯಿತು ಅನ್ನೋದರ ಮೇಲೆ ಒಂದು ಡಿಗ್ರಿಗೆ ಅಂಕಿ 0.1ರಿಂದ 0.3 ಏರಬಹುದು, ಇಲ್ಲವೇ 0.3ರಿಂದ 0.7. ಹಾಗಾಗಿ ಒಂದೇ ಮಂಜಿನಿಂದ 4 ಡಿಗ್ರಿ ಅಂತಲೂ ಹೇಳಬಹುದು, 10ಕ್ಕಿಂತ ಮೇಲೆ ಅಂತಲೂ ಹೇಳಬಹುದು. ಇಲ್ಲಿ ಕೊಬ್ಬರಿ ವ್ಯಾಪಾರಿಗಳು ಕೈಯೆತ್ತಿ, "ಸಾರ್, ಇಷ್ಟು ಹಗ್ಗ ಜಗ್ಗಾಡಿ ಕೊನೆಗೆ ರೇಟ್ ಫಿಕ್ಸ್ ಆಗ್ಲೇ ಇಲ್ವಲ್ಲ" ಅಂದರು. ಹಾಲೆಲ್ಲ ನಗು. ಮೇಷ್ಟ್ರೂ ನಕ್ಕು, "ಮೊದ್ಲು ಸುಳ್ಳು ರೇಟ್ ಫಿಕ್ಸ್ ಆಗಿತ್ತು, ಈಗ ಏನು ಗೊತ್ತಾದ್ರೆ ಫಿಕ್ಸ್ ಆಗತ್ತೆ ಅನ್ನೋದು ಗೊತ್ತಾಗಿದೆ" ಅಂದರು. ಏನು ಗೊತ್ತಾಗಬೇಕು? ಗ್ರೀನ್‌ಲ್ಯಾಂಡ್ ಪಕ್ಕದ ಸಮುದ್ರದ ತಳದ ಮಣ್ಣಿನಿಂದ, ಅಲ್ಲಿ ಆಗ ಮಂಜು ಎಲ್ಲಿಯವರೆಗೆ ಇತ್ತು ಅನ್ನೋದು.

ಸಂಜೆ ಕಂಪ್ಯೂಟರ್ ಹೊತ್ತು. ಇಲ್ಲಿ ಸ್ಟಾರ್ ಕಳೆಯುತ್ತೇನೆ. ನಾಸಾದವರ ಪ್ಯಾನೊಪ್ಲಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಮಾದರಿಗಳ ಫೈಲು ತೆರೆದು ನಕ್ಷೆ ಮಾಡೋದು. ಸಾಫ್ಟ್‌ವೇರ್ ಒಳ್ಳೆಯದೇ, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತದೆ. ಆದರೆ ಅದಕ್ಕೆ ಜಾವಾ ಬೇಕು. ಅರ್ಧ ಜನರ ಲ್ಯಾಪ್‌ಟಾಪಿನಲ್ಲಿ ಜಾವಾ ಇಲ್ಲ, ಇದ್ದದ್ದು ಹಳೇದು. ವೈಫೈ ಇದೆ ಅಂತ ಪೋಸ್ಟರಿನಲ್ಲಿ ಹಾಕಿದ್ದರು, ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಹತ್ತಿದ ಕೂಡಲೇ ಅದು ಮಲಗಿತು. ನಮ್ಮ ಹುಡುಗ ತನ್ನ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಮೂರು ಬೆಂಚಿಗೆ ಜಾವಾ ಇಳಿಸಿಕೊಟ್ಟ. ಅವನ ಡೇಟಾ ಖಾಲಿ, ನಡೆಸಿದವರು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಬೇಕಾದ್ದನ್ನು ಮನೆಯಲ್ಲೇ ಹಾಕಿಕೊಂಡು ಬನ್ನಿ ಅಂತ ಹಿಂದಿನ ವಾರ ಒಂದು ಮೆಸೇಜ್ ಹಾಕಿದ್ದರೆ ಮುಗಿಯುತ್ತಿತ್ತು, ಅಲ್ವಾ?

ಫೈಲ್ ತೆರೆದ ಮೇಲೆ ಮಾತ್ರ ಮಜಾ. ಮೊದಲ ನಕ್ಷೆಯಲ್ಲಿ ಇಡೀ ಭಾರತ ಒಂದೇ ಕೆಂಪು. ಬಣ್ಣದ ಅಳತೆಪಟ್ಟಿ ಅಂಟಾರ್ಕ್ಟಿಕಾದ −50ರವರೆಗೂ ಹೋಗಿರುತ್ತದೆ, ನಮ್ಮ −3ಕ್ಕೂ −7ಕ್ಕೂ ಅದಕ್ಕೆ ವ್ಯತ್ಯಾಸವೇ ಇಲ್ಲ. ಅಳತೆಯನ್ನು −12ರಿಂದ 0ಗೆ ಇಳಿಸಿದ ಕೂಡಲೇ ದೇಶ ಬಿಚ್ಚಿಕೊಂಡಿತು. ಅರಬ್ಬೀ ಸಮುದ್ರದ ಕಡೆ ತಿಳಿ, ಹಿಮಾಲಯದ ಬುಡದಲ್ಲಿ ಕಡು. ಆದರೆ ಘಟ್ಟ ಎಲ್ಲಿ? ಘಟ್ಟವೇ ಇಲ್ಲ. ನಮಗೆ ಕೊಟ್ಟದ್ದು ಬ್ರಿಟನ್ನಿನ ಹ್ಯಾಡ್‌ಸಿಎಂ3 ಮಾದರಿಯ ಫೈಲು. ಅದರ ವಾತಾವರಣದ ಒಂದು ಚೌಕ ಅಕ್ಷಾಂಶದಲ್ಲಿ ಎರಡೂವರೆ ಡಿಗ್ರಿ, ರೇಖಾಂಶದಲ್ಲಿ ಮೂರೂಮುಕ್ಕಾಲು. ನಮ್ಮ ಕಡೆ ಪೂರ್ವ-ಪಶ್ಚಿಮಕ್ಕೆ ಒಂದೊಂದು ಚೌಕ ಸುಮಾರು 400 ಕಿ.ಮೀ. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲೇ ಸುಮಾರು 350. ಪಶ್ಚಿಮ ಘಟ್ಟ ಅದರಲ್ಲಿ ಒಂದು ಮೆಲ್ಲನೆಯ ಉಬ್ಬು, ಅಷ್ಟೇ. ಘಟ್ಟದ ಮೇಲಿನ ಮಳೆಗೂ ನಮ್ಮ ಬಯಲುಸೀಮೆಯ ಮಳೆಗೂ ಇರುವ ವ್ಯತ್ಯಾಸ ಆ ಮಾದರಿಗೆ ಸರಿಯಾಗಿ ಗೊತ್ತೇ ಇಲ್ಲ. ಅದರಿಂದ ಒಂದು ಗುಹೆಯ ಒಂದು ಸುಣ್ಣದ ಕಲ್ಲಿನಲ್ಲಿ ಉಳಿದ ಹಳೇ ಮಳೆಯ ಕಥೆ ಓದೋವಾಗ ಹುಷಾರಾಗಿರಿ ಅಂತ ಮೇಷ್ಟ್ರೇ ಹೇಳಿದರು. ತಮ್ಮ ಸರಕಿನ ಕೊರತೆಯನ್ನು ತಾವೇ ಎತ್ತಿ ತೋರಿಸುವವರು ಕಡಿಮೆ. ಅದಕ್ಕೆ ಕಳೆದ ಅರ್ಧ ಸ್ಟಾರ್ ವಾಪಸ್ ಕೊಟ್ಟೆ.

ಪ್ರೊಜೆಕ್ಟರ್ ಬಗ್ಗೆ ಹೇಳಲೇಬೇಕು. ಬಣ್ಣದ ನಕ್ಷೆಯೇ ಜೀವಾಳವಾದ ಪಾಠಕ್ಕೆ ನೀಲಿ ಬಣ್ಣವೇ ಬಾರದ ಪ್ರೊಜೆಕ್ಟರ್ ತಂದಿದ್ದರು. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ ಎರಡೂ ಕಪ್ಪು ಮಸಿ. ಜೊತೆಗೆ ಕಿಟಕಿಗೆ ಪರದೆ ಇಲ್ಲ. ಭಾನುವಾರ ಯಾರೋ ಒಂದು ಹಳೇ ಬೆಡ್‌ಶೀಟ್ ಕಟ್ಟಿದರು, ಬೆಳಕು ನಿಂತಿತು, ಗಾಳಿಯೂ ನಿಂತಿತು.

ತಿಂಡಿ-ಊಟ ಬೇಗ ಮುಗಿಸುತ್ತೇನೆ. ಶನಿವಾರ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿದ್ದರು, ಬಿಸಿ ಇತ್ತು, ಮೇಲೆ ಬೆಣ್ಣೆ. ಯಾರೂ ತಕರಾರು ಮಾಡಲಿಲ್ಲ. ಭಾನುವಾರದ ಊಟ ಎರಡೂವರೆಗೆ ಬಂತು. ಮುದ್ದೆ ಆರಿ ಗಟ್ಟಿಯಾಗಿತ್ತು, ಬಸ್ಸಾರು ಮಾತ್ರ ಚೆನ್ನಾಗಿತ್ತು.

ಭಾನುವಾರ ಬೆಳಗ್ಗೆ ಸಮುದ್ರದ ಚಿಪ್ಪುಗಳು. ಫೊರಾಮಿನಿಫೆರಾ ಅನ್ನುವ, ಮರಳಿನ ಕಾಳಿನಷ್ಟಿರುವ ಜೀವಿಗಳ ಸುಣ್ಣದ ಚಿಪ್ಪಿನಲ್ಲೂ ಇದೇ ಅಂಕಿ ಇರುತ್ತದೆ. ನೀರು ಸುಮಾರು ನಾಲ್ಕೂವರೆ ಡಿಗ್ರಿ ಬೆಚ್ಚಗಾದರೆ ಚಿಪ್ಪಿನ ಅಂಕಿ ಒಂದು ಇಳಿಯುತ್ತದೆ. 1955ರಲ್ಲಿ ಎಮಿಲಿಯಾನಿ ಅನ್ನುವ ವಿಜ್ಞಾನಿ ಅದನ್ನು ಮುಖ್ಯವಾಗಿ ಉಷ್ಣತೆ ಅಂತ ಓದಿದರು. 1967ರಲ್ಲಿ ಶ್ಯಾಕಲ್‌ಟನ್ ಅನ್ನುವ ಇನ್ನೊಬ್ಬರು, ಅಲ್ಲ, ಅದರಲ್ಲಿ ಬಹುಪಾಲು ನೆಲದ ಮೇಲೆ ಮಂಜುಗಡ್ಡೆ ಕಟ್ಟಿ ನಿಂತ ಹಗುರ ನೀರಿನ ಲೆಕ್ಕ ಅಂದರು. ಮತ್ತೆ ಅದೇ ಪೇಚು: ಒಂದು ಅಂಕಿ, ಎರಡು ಕಾರಣ. ಸುಮಾರು 5 ಕೋಟಿ ವರ್ಷ ಹಿಂದೆ ದೊಡ್ಡ ಹಿಮದ ಹಾಸುಗಳೇ ಇಲ್ಲದಿದ್ದಾಗ ಲೆಕ್ಕ ಸುಲಭ ಆಗಬೇಕಿತ್ತು. ಹಗುರ ನೀರೆಲ್ಲ ಸಮುದ್ರದಲ್ಲೇ ಇತ್ತಲ್ಲ, ಇಡೀ ಸಮುದ್ರಕ್ಕೆ ಸುಮಾರು −1 ಅಂತ ಇಟ್ಟರೆ ಆಯಿತು. ಆದರೆ ಎಲ್ಲ ಕಡೆ ಸಮುದ್ರ ಒಂದೇ ಅಲ್ಲ. ಬಿಸಿಲಿಗೆ ನೀರು ಹೆಚ್ಚು ಆವಿಯಾಗುವ ಕಡೆ ಭಾರ, ನದಿ-ಮಳೆ ಹೆಚ್ಚು ಸೇರುವ ಕಡೆ ಹಗುರ. ಅಂದಿನ ಖಂಡಗಳನ್ನು ಅಂದಿನ ಜಾಗದಲ್ಲೇ ಇಟ್ಟು ಮಾದರಿ ಓಡಿಸಿದರೆ ಆ ಸಮುದ್ರದ ನಕ್ಷೆ ಸಿಗುತ್ತದೆ. ಈ ಭಾಗ ನನಗೆ ಸ್ವಲ್ಪ ಓಡಿದ ಹಾಗೆ ಅನ್ನಿಸಿತು. ಸುಮಾರು 30 ಲಕ್ಷ ವರ್ಷ ಹಿಂದಿನ ಪ್ಲಿಯೊಸೀನ್ ಕಾಲಕ್ಕೆ ಕೊಟ್ಟದ್ದು ಹತ್ತೇ ನಿಮಿಷ. ಆಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 400 ಪಿಪಿಎಂ (ಹತ್ತು ಲಕ್ಷಕ್ಕೆ 400 ಪಾಲು), ಹೆಚ್ಚುಕಮ್ಮಿ ಈಗ ನಾವು ಇರುವಷ್ಟು. ಅದಕ್ಕೇ ಜಾಸ್ತಿ ಹೊತ್ತು ಕೊಡಬೇಕಿತ್ತು.

ಅಂಟಾರ್ಕ್ಟಿಕಾ ಕಥೆಗೆ ಹೊತ್ತು ಕೊಟ್ಟರು, ಕೊಟ್ಟದ್ದು ಸರಿಯಾಯಿತು. ಸುಮಾರು 1,28,000 ವರ್ಷ ಹಿಂದೆ ಅಲ್ಲಿನ ಮಂಜು ಕೊಳವೆಗಳಲ್ಲಿ ಅಂಕಿ ಎದ್ದು ಕಾಣುವಷ್ಟು ಏರಿದೆ. ಪಶ್ಚಿಮ ಅಂಟಾರ್ಕ್ಟಿಕಾದ ಹಿಮದ ಹಾಸು ಕುಸಿದದ್ದರ ಗುರುತೇ ಇದು ಅನ್ನೋ ಪ್ರಶ್ನೆ ಇತ್ತು. 2016ರಲ್ಲಿ ಐಸೋಟೋಪ್ ಮಾದರಿಯಲ್ಲಿ ಎರಡು ಬಗೆಯಲ್ಲಿ ಮಾಡಿ ನೋಡಿದರು. ಹಿಮದ ಹಾಸು ತೆಗೆದು ಹಾಕಿದರೆ ಬೇರೆ ಬೇರೆ ಕೊಳವೆಗಳಲ್ಲಿ ಕಂಡ ಏರಿಕೆ ಹೊಂದಲಿಲ್ಲ. ಚಳಿಗಾಲದ ಸಮುದ್ರ ಮಂಜನ್ನು ಸುಮಾರು ಶೇ. 65 ಕಡಿಮೆ ಮಾಡಿದರೆ ಹೊಂದಿತು. ಹಾಗಂತ ಸಮುದ್ರಮಟ್ಟ ಏರಲಿಲ್ಲ ಅಂತಲ್ಲ. ಆ ಕ್ಷಣದ ಆ ಏರಿಕೆಯನ್ನು ಕುಸಿತದ ಸಾಕ್ಷಿ ಅಂತ ಹಿಡಿಯಬೇಡಿ ಅಂತ ಮಾತ್ರ. ನನ್ನ ಪಕ್ಕದ ಕೃಷಿ ಇಲಾಖೆಯವರು "ಸಾಕ್ಷಿ ಇದ್ರೂ ಕೇಸ್ ಬೇರೆ" ಅಂದರು. ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ.

ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತದ್ದು ಚೀನಾದ ಗುಹೆಗಳ ಹೊತ್ತಿಗೆ. ಅಲ್ಲಿನ ಹುಲು ಗುಹೆಯಂಥ ಕಡೆ, ತೊಟ್ಟಿಕ್ಕುವ ನೀರಿನಿಂದ ಬೆಳೆದ ಸುಣ್ಣದ ಕಂಬಗಳ ಅಂಕಿಯನ್ನು ಬಹಳ ಕಾಲ ಚೀನಾದ ಮುಂಗಾರಿನ ಅಳತೆ ಅಂತ ಓದುತ್ತಿದ್ದರು. ಅಂಕಿ ಏರಿದರೆ ಅಲ್ಲಿ ಮಳೆ ಕಮ್ಮಿ. 2011ರಲ್ಲಿ ಮಾದರಿ ಹಿಡಿದವರು ಒಂದು ಪ್ರಯೋಗ ಮಾಡಿದರು. ಉತ್ತರ ಅಟ್ಲಾಂಟಿಕ್‌ನಲ್ಲಿ ದಿಢೀರ್ ಅಂತ ಸಮುದ್ರ ಮಂಜು ಹರಡಿದರೆ ಏನಾಗುತ್ತದೆ? ಹಿಂದೂ ಮಹಾಸಾಗರ ತಣ್ಣಗಾಗಿ ಭಾರತದ ಮುಂಗಾರು ಸೊರಗುತ್ತದೆ. ಭಾರತದ ಮೇಲೆ ಭಾರದ ನೀರು ಸುರಿದು ಖಾಲಿಯಾಗೋದು ಕಡಿಮೆ, ಹಾಗಾಗಿ ಚೀನಾಕ್ಕೆ ಹೋಗುವ ಆವಿಯೇ ಭಾರ. ಅಲ್ಲಿ ಮಳೆ ಅಷ್ಟೇನೂ ಬದಲಾಗದಿದ್ದರೂ ಗುಹೆಯ ಅಂಕಿ ಏರಿತು. ಅಂದರೆ ಚೀನಾದ ಕಲ್ಲಿನಲ್ಲಿ ಬರೆದಿದ್ದು ನಮ್ಮ ಬರಗಾಲ! ಇದು ತಂಪಿನ ಹೊತ್ತಿನ ಪ್ರಯೋಗ, ಆದರೆ ಬೆಚ್ಚನೆ ಕಾಲದ ಕಲ್ಲಿಗೂ ಇದೇ ಎಚ್ಚರಿಕೆ ಬೇಕು ಅಂದರು ಮೇಷ್ಟ್ರು. ಮಳೆ ಬಿದ್ದ ಜಾಗ ಒಂದು, ಅಂಕಿ ಹುಟ್ಟಿದ ಜಾಗ ಇನ್ನೊಂದು.

ಇಲ್ಲೇ ನಮ್ಮ ಬೋರ್‌ವೆಲ್ ಪಾಯಿಂಟ್‌ನವರು ಎದ್ದದ್ದು. "ಹಂಗಾರೆ ಸಾ, ನಮ್ಮ ಬೋರ್ ನೀರಲ್ಲೂ ಯಾವ ಮಳೆ ಅಂತ ಬರ್ದಿರ್ತದಾ?" ಎರಡು ದಿನದ ಅತಿ ಒಳ್ಳೆ ಪ್ರಶ್ನೆ ಅದು. ಹೌದು, ಬರೆದಿರುತ್ತದೆ. ದಕ್ಷಿಣ ಭಾರತದಲ್ಲಿ ಹಿಂಗಾರು ಮಳೆಯ ಅಂಕಿ ಸಾಮಾನ್ಯವಾಗಿ ಮುಂಗಾರಿಗಿಂತ ಕೆಳಗೆ. ಹಾಗಾಗಿ ಬೋರ್ ನೀರನ್ನು ಅಳೆದರೆ ಅದನ್ನು ತುಂಬಿಸಿದ್ದು ಯಾವ ಮಳೆ ಅಂತ ಸುಳಿವು ಸಿಗುತ್ತದೆ. ಕೆರೆಯಲ್ಲಿ ನಿಂತು ಬಿಸಿಲಿಗೆ ಆವಿಯಾಗಿ ಆಮೇಲೆ ಇಂಗಿದ ನೀರಾದರೆ ಅದಕ್ಕೂ ಬೇರೆ ಗುರುತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ವಿಶ್ವ ಹವಾಮಾನ ಸಂಸ್ಥೆ 1961ರಿಂದ ಜಗತ್ತಿನ ಮಳೆನೀರಿನ ಅಂಕಿ ಕೂಡಿಡುತ್ತಿವೆ. ಮಾದರಿ ಇವತ್ತಿನ ಮಳೆಯನ್ನಾದರೂ ಸರಿಯಾಗಿ ತೋರಿಸುತ್ತಿದೆಯಾ ಅಂತ ನೋಡೋದು ಅದರ ಜೊತೆ ಇಟ್ಟೇ. ಅಳೆಯುವ ಯಂತ್ರ ಬೆಂಗಳೂರಿನ ಐಐಎಸ್‌ಸಿಯಲ್ಲೂ ಇದೆ. "ಹಂಗಾರೆ ನನ್ ತೆಂಗಿನಕಾಯಿಗೆ ಕೆಲ್ಸ ಹೋಯ್ತು" ಅಂತ ಅವರು ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ನೀರು ಎಲ್ಲಿದೆ ಅಂತ ಇದು ಹೇಳಲ್ಲ ಅಣ್ಣ, ಎಲ್ಲಿಂದ ಬಂತು ಅಂತ ಹೇಳತ್ತೆ" ಅಂದರು.

ಡಿಗ್ರಿ ಹುಡುಗನೊಬ್ಬ, ಆಗಲೂ ಬಿಸಿ ಇತ್ತಲ್ಲ, ಈಗ್ಯಾಕೆ ಇಷ್ಟು ಗಲಾಟೆ ಅಂತ ಕೇಳಿದ. ಇಂಥ ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. 1,27,000 ವರ್ಷ ಹಿಂದಿನ ಕಾಲಕ್ಕೆ ಮಾದರಿಗಳಿಗೆ ಕೊಡುವ ಕಾರ್ಬನ್ ಡೈಆಕ್ಸೈಡ್ 275 ಪಿಪಿಎಂ ಅಂತ ಬೋರ್ಡಿನಲ್ಲಿ ಬರೆದರು. ಆಗಿನ ಸೆಕೆ ಕಕ್ಷೆಯದು, ಉತ್ತರದ ಬೇಸಿಗೆಗೆ ಬಿಸಿಲು ಜಾಸ್ತಿ ಬೀಳುತ್ತಿತ್ತು, ಈಗಿನ ಕಾರಣ ಬೇರೆ. ಇಷ್ಟು ಹೇಳಿ ಮುಂದೆ ಹೋದರು, ಭಾಷಣ ಮಾಡಲಿಲ್ಲ. ನಾನಾಗಿದ್ದರೆ ಅರ್ಧ ಗಂಟೆ ತಗೋತಿದ್ದೆ.

ಕೊಟ್ಟ ಪುಸ್ತಕದ ಬಗ್ಗೆ ಒಂದು ದೂರು. ವಿವರಣೆ ಕನ್ನಡದಲ್ಲಿದೆ, ಚೆನ್ನಾಗಿದೆ. ಆದರೆ ಜೆರಾಕ್ಸ್ ಮಾಡಿಸಿದ ಕಡೆ ಏನು ಮಾಡಿದರೋ, ಹನ್ನೊಂದನೇ ಪುಟದ ಕೋಷ್ಟಕದಲ್ಲಿ ಮೈನಸ್ ಚಿಹ್ನೆಗಳೇ ಬಿದ್ದಿಲ್ಲ. ಬೇರೆ ಯಾವ ವಿಷಯದಲ್ಲಾದರೂ ನಡೆಯುತ್ತದೆ, ಇಲ್ಲಿ ಮೈನಸ್ ಹೋದರೆ ಮಳೆಯೇ ಸಮುದ್ರಕ್ಕಿಂತ ಭಾರ ಆಗಿಬಿಡುತ್ತದೆ. ಪೆನ್ನಿನಲ್ಲಿ ಹಾಕಿಕೊಂಡೆವು. ಸ್ಲೈಡುಗಳಂತೂ ಪೂರ್ತಿ ಇಂಗ್ಲಿಷ್. ಪೋಸ್ಟರಿನಲ್ಲಿ ಕನ್ನಡ ಅಂತ ಹಾಕಿದ ಮೇಲೆ ನಕ್ಷೆಯ ಕೆಳಗಿನ ಒಂದು ಸಾಲನ್ನಾದರೂ ಕನ್ನಡದಲ್ಲಿ ಬರೆಯಬಹುದಿತ್ತು.

ಯಾರು ಹೋಗಬಹುದು? ಪಿಯುಸಿ ವಿಜ್ಞಾನ ಓದಿದ್ದರೆ ಸಾಕು, ಘಾತಾಂಕ ನೆನಪಿದ್ದರೆ ಇನ್ನೂ ಒಳ್ಳೆಯದು. ಹೈಸ್ಕೂಲ್ ಮೇಷ್ಟ್ರುಗಳು, ಟೀಚರುಗಳು ಧಾರಾಳವಾಗಿ ಹೋಗಿ, ಆ ಮಳೆ ಸರಾಸರಿಯ ಲೆಕ್ಕ ಒಂದಕ್ಕೇ ಹೋಗಬಹುದು. ಸರ್ಟಿಫಿಕೇಟ್ ಆಸೆಯಿಂದ ಹೋಗಬೇಡಿ, ಅದು ಬರೀ ಪ್ರಿಂಟ್ ತೆಗೆದ ಹಾಳೆ, ನಮ್ಮ ಹುಡುಗನ ಹೆಸರನ್ನು ಬೇರೆ ತಪ್ಪಾಗಿ ಹಾಕಿದ್ದಾರೆ. ಎಂ.ಎಸ್ಸಿ. ಮಟ್ಟದವರಿಗೆ ಎರಡನೇ ದಿನ ಸ್ವಲ್ಪ ತೆಳು ಅನ್ನಿಸಬಹುದು ಅಂತ ಅವನ ಮಾತು. ಅವನೇ ವಾಪಸ್ ಬರುವ ದಾರಿಯಲ್ಲಿ ಗುಬ್ಬಿವರೆಗೂ ಹುಲು ಗುಹೆಯನ್ನೇ ಕುಟ್ಟುತ್ತಿದ್ದ ಅನ್ನೋದು ಬೇರೆ ವಿಷಯ.

ಹೋಗುವವರು ಜಾವಾ, ಪ್ಯಾನೊಪ್ಲಿ ಎರಡನ್ನೂ ಮನೆಯಲ್ಲೇ ಹಾಕಿಕೊಂಡು ಹೋಗಿ. ಕಿಟಕಿಯಿಂದ ದೂರ, ಎಡಗಡೆ ಎರಡನೇ ಬೆಂಚು ಹಿಡಿಯಿರಿ, ಅಲ್ಲೊಂದು ಪ್ಲಗ್ ಪಾಯಿಂಟ್ ಇದೆ. ಪುಸ್ತಕದ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ಅವರಿಗೆ ಕಳಿಸಿದ್ದೇನೆ, ಮುಂದಿನ ಬ್ಯಾಚಿಗೆ ತಿದ್ದಿ ಮುದ್ರಿಸುತ್ತೇವೆ ಅಂದಿದ್ದಾರೆ. ಹಳೇ ಪ್ರತಿ ಕೈಗಿಟ್ಟರೆ ಬೇಡ ಅನ್ನಿ.